ಗಲ್ಲುಗಂಬಕ್ಕೆ ಕಟ್ಟಿದ ಜೋಕಾಲಿ

ಆ ಗಲ್ಲುಗಂಬ ಮಾಡಿದವನು ನಾನೇ. ಹರಿಹರದ ಪಿ.ಬಿ. ರೋಡಿನ ಪಕ್ಕ ಟ್ರ್ಯಾಕ್ಟರ್ ಟ್ರೈಲರ್ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನೇರ ಅಲ್ಲಿಗೆ ಬಂದವನು.

ಸ್ವಾತಂತ್ರ್ಯಕ್ಕೆ ಐವತ್ತು ತುಂಬುವ ಆಗಸ್ಟು. ಅದೇ ದಿನ ದಾವಣಗೆರೆ ಹೊಸ ಜಿಲ್ಲೆಯೂ ಆಗುವುದಿತ್ತು. ಮೆರವಣಿಗೆಯಲ್ಲಿ ಯಾರ ಟ್ರೈಲರ್ ದೊಡ್ಡದು ಅಂತ ಬೀದಿ ಬೀದಿಗೂ ಪೈಪೋಟಿ. ದಾವಣಗೆರೆಯ ಒಬ್ಬ ದಲಾಲಿ ಅಂಗಡಿ ಸಾಹುಕಾರ ತನ್ನ ಬೀದಿಯ ಕಮಿಟಿಗೆ ತಾನೇ ಅಧ್ಯಕ್ಷ. ಅವನು ನಮ್ಮ ಶೆಡ್ಡಿಗೆ ಬಂದ.

"ಬ್ರಿಟಿಷರು ನಮ್ಮೋನೊಬ್ಬನ್ನ ಗಲ್ಲಿಗೆ ಹಾಕೋ ಸೀನು, ಟ್ರೈಲರ್ ಮ್ಯಾಲೆ. ಸುಮ್ನೆ ಹಗ್ಗ ಇಳಿಬಿಟ್ರೆ ಆಗಲ್ಲ. ಹಲಗೆ ಬೀಳಬೇಕು, ಗೊಂಬೆ ನೇತಾಡಬೇಕು. ಒಂದೊಂದು ಸರ್ಕಲ್‌ನಾಗೂ ಬೀಳಬೇಕು."

"ಯಾರು ಎಳೀತಾರ್ರಿ?" ಎಂದು ಕೇಳಿದೆ.

"ಅದೇ ತ್ರಾಸು ನೋಡಪ. ಇಂಗ್ಲಿಷ್ ಆಫೀಸರ್ ಆಗಾಕೆ ಇಡೀ ಬೀದಿನೇ ರೆಡಿ ಐತೆ, ಟೋಪಿ ಹಾಕ್ಕಬಹುದಲ್ಲ. ಹಗ್ಗ ಎಳೆಯೋನಾಗಾಕೆ ಒಬ್ಬನೂ ಒಲ್ಲೆ ಅಂತಾನೆ. ಮನ್ಯಾಗೆ ಬೈತಾರಂತೆ."

ಅವನ ಜೊತೆ ಒಬ್ಬ ರಿಟೈರ್ಡ್ ಇತಿಹಾಸದ ಮೇಷ್ಟ್ರು ಬಂದಿದ್ದರು. ಗಲ್ಲುಗಂಬ ಹೆಂಗಿರಬೇಕು ಅಂತ ಹೇಳುವುದು ಅವರ ಕೆಲಸ. ಸಾಹುಕಾರ ಹೋದ ಮೇಲೂ ಅವರು ಹೋಗಲಿಲ್ಲ. ಹಳೇ ಟೈರಿನ ಮೇಲೆ ಕೂತು, ಚಾ ತರಿಸಿಕೊಂಡು, ಇಂಗ್ಲೆಂಡಿನ ಕಥೆ ಶುರು ಮಾಡಿದರು.

"ಅಲ್ಲಿ ಒಂದು ಕಾಲದಾಗೆ ಕುರಿ ಕದ್ರೂ ಗಲ್ಲು. ಬಯಲಾಗೆ, ಎಲ್ಲಾರ ಎದುರಿಗೆ. ಜನ ಹೆಂಡ್ತಿ ಮಕ್ಕಳನ್ನ ಕರ್ಕಂಡು ನೋಡಾಕೆ ಬರೋರು. ಎದುರಿನ ಮನೆಯೋರು ಕಿಟಕಿ ಬಾಡಿಗಿಗೆ ಕೊಡೋರು. ತಿನ್ನಾಕೆ ಮಾರೋರು ಒಂದು ಕಡೆ, ಸಾಯೋನ ಮ್ಯಾಲೆ ಹಾಡು ಕಟ್ಟಿ ಅಚ್ಚು ಹಾಕ್ಸಿ ಅಲ್ಲೇ ಮಾರೋರು ಇನ್ನೊಂದು ಕಡೆ. ಆಮೇಲೆ ನಾಚಿಕೆ ಬಂತು. ಜೈಲಿನ ಒಳಗೆ ಹಾಕಾಕೆ ಹತ್ತಿದ್ರು. ಕೊಲ್ಲಾಕೆ ನಾಚಿಕೆ ಅಲ್ಲಪ್ಪ, ನೋಡಾಕೆ."

ಮೇಷ್ಟ್ರು ಒಳ್ಳೆಯವರೇ. ಆದರೆ ಆ ಹೇಳುವುದರಲ್ಲಿ ಒಂದು ರುಚಿ ಇತ್ತು. ಆಳಿನ ತೂಕ ನೋಡಿ ಹಗ್ಗದ ಉದ್ದ ಇಡಬೇಕು, ಹೆಚ್ಚಾದರೆ ತಲೆಯೇ ಕಿತ್ತು ಬರುತ್ತದೆ, ಕಮ್ಮಿಯಾದರೆ ಕುತ್ತಿಗೆ ಮುರಿಯದೆ ಒದ್ದಾಡುತ್ತಾನೆ ಅಂತ ಹೇಳಿ, ಬಿಸ್ಕೀಟು ಚಾದಲ್ಲಿ ಅದ್ದಿ ತಿಂದರು.

"ಕೊನಿಗೆ ತನ್ನ ಕೂಸನ್ನ ಕೊಂದ ಅಂತ ಒಬ್ಬನ್ನ ಗಲ್ಲಿಗೆ ಹಾಕಿದ್ರು, ತಾನಲ್ಲ ಅಂತ ಅವನು ಬಡ್ಕಂಡ್ರೂ ಕೇಳಲಿಲ್ಲ. ಕೆಲವು ವರ್ಷ ಆದ ಮ್ಯಾಲೆ ನೋಡಿದ್ರೆ, ಅದೇ ಮನ್ಯಾಗೆ ಕೆಳಗೆ ಬಾಡಿಗಿಗಿದ್ದ ಇನ್ನೊಬ್ಬ ಬಾಳ ಹೆಂಗಸರನ್ನ ಕೊಂದು ಗೋಡೆ ಒಳಗೆ ಮುಚ್ಚಿದ್ದ. ಸತ್ತೋನನ್ನ ವಾಪಸ್ ತರಾಕಾಗ್ತದಾ? ಜನ ತಿರುಗಿ ಬಿದ್ರು. ಪಾರ್ಲಿಮೆಂಟಿನಾಗೆ ವರ್ಷಗಟ್ಲೆ ಜಗಳಾಡಿ ಕೊಲೆಗೆ ಗಲ್ಲು ನಿಲ್ಸಿದ್ರು. ಮೂವತ್ತು ವರ್ಷದ ಮ್ಯಾಲಾತು."

ನನ್ನ ಜೊತೆ ಶೆಡ್ಡಿನಲ್ಲಿ ಸುತ್ತಿಗೆ ಕೆಲಸ ಮಾಡುವವನು ಒಬ್ಬನಿದ್ದ. ಭಾನುವಳ್ಳಿಯವನು, ನನಗಿಂತ ದೊಡ್ಡವನು. ಅಣ್ಣ ಅಂತಿದ್ದೆ. ಅವನು ಸುತ್ತಿಗೆ ಕೆಳಗಿಟ್ಟ.

"ಹಂಗಾರೆ ಗಲ್ಲು ನಿಲ್ಸ್ಯಾರೆ?"

"ಇಂಗ್ಲೆಂಡಿನಾಗೆ ನಿಲ್ಸ್ಯಾರೆ. ರಾಜದ್ರೋಹಕ್ಕೆ ಕಾಗದದ ಮ್ಯಾಲೆ ಐತೆ, ಯಾರನ್ನೂ ಹಾಕಲ್ಲ. ನಮ್ಮಲ್ಲಿ ಎಲ್ಲಾ ಹಂಗೇ ಐತಪ್ಪ. ಅವರು ಹೋಗುವಾಗ ಕಾನೂನು ಇಲ್ಲೇ ಬಿಟ್ಟು ಹೋದ್ರು."

ಅಣ್ಣ ಮತ್ತೆ ಸುತ್ತಿಗೆ ಎತ್ತಿಕೊಂಡ.

ಅವನ ಸಂಗತಿ ಶೆಡ್ಡಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅವನ ತಮ್ಮ ಬೆಳಗಾವಿ ಜೈಲಿನಲ್ಲಿದ್ದ. ಚಾನಲ್ ನೀರು ಯಾರ ಗದ್ದೆಗೆ ಮೊದಲು ಅಂತ ಜಗಳವಾಗಿ, ಪಕ್ಕದ ಗದ್ದೆಯ ಗಂಡ, ಹೆಂಡತಿ, ಅವರ ಸಣ್ಣ ಮಗ, ಮೂವರನ್ನೂ ಕೊಡಲಿಯಿಂದ ಕೊಚ್ಚಿದ್ದ. ಮಗು ಏನು ಮಾಡಿತ್ತು? ಅವನು ಒಳ್ಳೆಯವನು ಅಂತ ನಾನು ಹೇಳುವುದಿಲ್ಲ. ಕೆಳಗಿನ ಕೋರ್ಟು ಗಲ್ಲು ಕೊಟ್ಟಿತ್ತು, ಮೇಲಿನ ಕೋರ್ಟುಗಳು ಹೌದು ಅಂದಿದ್ದವು. ಪ್ರಾಣ ಉಳಿಸಿರಿ ಅನ್ನುವ ಅರ್ಜಿ ದಿಲ್ಲಿಯಲ್ಲಿ ಬಿದ್ದಿತ್ತು. ಊರಲ್ಲಿ ಯಾರೂ ಮುಖ ಕೊಟ್ಟು ಮಾತಾಡದಂತಾದ ಮೇಲೆ ಅಣ್ಣ ತನ್ನ ಅವ್ವನನ್ನು ಕರೆದುಕೊಂಡು ಬಂದು ಶೆಡ್ಡಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದ. ಕೋರ್ಟಿನ ಸುದ್ದಿ ಬಂದಾಗಿನಿಂದ ಅವ್ವ ಸರಿಯಾಗಿ ಉಣ್ಣುತ್ತಿರಲಿಲ್ಲ, ನಿದ್ದೆ ಮಾಡುತ್ತಿರಲಿಲ್ಲ. ಮಧ್ಯಾಹ್ನ ನಮಗೆ ಬುತ್ತಿ ತಂದು ಇಟ್ಟು, ಮಾತಾಡದೆ ಹೋಗುತ್ತಿದ್ದಳು.

ಮಾರನೇ ದಿನ ಬುತ್ತಿ ತಂದವಳು ಹೋಗಲಿಲ್ಲ. ತಲೆ ಬಾಚಿಕೊಂಡಿದ್ದಳು.

"ಕೇಳಿದೇನಪ, ಗಲ್ಲು ತೆಗೆದಾರಂತೆ. ಮೇಷ್ಟ್ರು ಹೇಳಿದ್ರಂತೆ. ಇನ್ನು ಹದಿನಾಕು ವರ್ಷ ಜೈಲು ಅಷ್ಟೇ. ಹದಿನಾಕು ವರ್ಷ ನಾನು ಇರ್ತೀನಿ, ಯಾಕಿರಲ್ಲ?"

ನಾನು ಅಣ್ಣನ ಮುಖ ನೋಡಿದೆ. ಅವನು ತಾಟಿನಲ್ಲಿದ್ದ ರೊಟ್ಟಿ ನೋಡುತ್ತಿದ್ದ. "ಹೌದವ್ವ" ಅಂದೆ. ಬೇರೆ ಏನು ಅನ್ನಲಿ? ಅವಳು ಅವತ್ತು ನಮ್ಮ ಜೊತೆ ಕೂತು ರೊಟ್ಟಿ ತಿಂದಳು.

ಅವಳು ಹೋದ ಮೇಲೆ ಅಣ್ಣನಿಗೆ ಬೈದೆ. "ಇದೇನೋ ನೀನು ಮಾಡಿದ್ದು?"

"ಉಂಡಳಲ್ಲ" ಅಂದ ಅವನು. "ಮೊದ್ಲು ಉಣ್ಲಿ. ಮುಂದಿಂದು ಮುಂದೆ."

ನಾಲ್ಕು ದಿನದಲ್ಲಿ ಕಂಬ ನಿಂತವು. ಎರಡು ಕಬ್ಬಿಣದ ಕಂಬ, ಮೇಲೊಂದು ಅಡ್ಡಪಟ್ಟಿ, ನಡುವೆ ಹಗ್ಗಕ್ಕೆ ಒಂದು ಬಳೆ. ಹಲಗೆ ಇನ್ನೂ ಕೂರಿಸಿರಲಿಲ್ಲ. ಬುತ್ತಿ ತಂದ ಅವ್ವ ಅದರ ಕೆಳಗೆ ನಿಂತು ಮೇಲೆ ನೋಡಿದಳು.

"ಇದೇನೋ ಇಷ್ಟೆತ್ತರದ್ದು?"

"ಜೋಕಾಲಿ" ಅಂದ ಅಣ್ಣ. "ಪಂಚಮಿ ಬಂತಲ್ಲ. ಸಾಹುಕಾರ್ರ ಮನೆ ಹೆಣ್ಮಕ್ಕಳಿಗೆ."

ನಾನು ನೋಡಿದೆ. ಅವನ ಮಾತು ಸುಳ್ಳು ಅನ್ನುವಂತಿರಲಿಲ್ಲ. ಜೋಕಾಲಿಗೂ ಅದಕ್ಕೂ ಕಬ್ಬಿಣದಲ್ಲಿ ಏನೂ ವ್ಯತ್ಯಾಸ ಇರಲಿಲ್ಲ.

ಪಂಚಮಿ ದಿನ ಶೆಡ್ಡಿಗೆ ರಜೆ. ಕೆಲಸ ಬಾಕಿ ಇದ್ದುದರಿಂದ ನಾವಿಬ್ಬರೇ ಬಂದಿದ್ದೆವು. ಬೆಳಿಗ್ಗೆ ಹತ್ತರ ಹೊತ್ತಿಗೆ ಅವ್ವ ಓಣಿಯ ನಾಲ್ಕೈದು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಒಬ್ಬಳ ಕೈಯಲ್ಲಿ ತಂಬಿಟ್ಟಿನ ಡಬ್ಬಿ, ಇನ್ನೊಬ್ಬಳ ಹೆಗಲ ಮೇಲೆ ಬಾವಿ ಹಗ್ಗ.

"ಸಾಹುಕಾರ್ರ ಮನೆಗೆ ಹೋಗೋಕೆ ಮುಂಚೆ ನಾವೊಂದು ಸಲ ಆಡಿ ಬಿಡ್ತೀವಿ. ಕಬ್ಬಿಣ ಏನು ಸವೀತದಾ?" ಅಂದಳು.

ಅಣ್ಣ ಬ್ಯಾಡ ಅನ್ನಲು ಬಾಯಿ ತೆರೆದ. ಬ್ಯಾಡ ಅಂದರೆ ಯಾಕ ಅಂತ ಹೇಳಬೇಕಲ್ಲ. ಬಾಯಿ ಮುಚ್ಚಿದ. ಹೆಂಗಸರು ಅವನ ಕೈಗೇ ಹಗ್ಗ ಕೊಟ್ಟು ಏಣಿ ಹತ್ತಿಸಿದರು. ಗಲ್ಲುಗಂಬಕ್ಕೆ ತನ್ನ ಅವ್ವನಿಗಾಗಿ ಹಗ್ಗ ಕಟ್ಟಿದವನು ಅವನೇ. "ಗಟ್ಟಿ ಕಟ್ಟೋ, ಮುದುಕಿ ಬಿದ್ದಾಳು" ಅಂತ ಕೆಳಗಿನಿಂದ ಒಬ್ಬಳು ನಕ್ಕಳು.

ಮೊದಲು ಅವ್ವನನ್ನೇ ಕೂರಿಸಿದರು. ಅವಳು ಮೊದಮೊದಲು ಹೆದರಿದಳು, ಆಮೇಲೆ ಕಾಲು ಚಾಚಿದಳು. "ಊರಾಗಿದ್ದಾಗ ಚಾನಲ್ ದಂಡಿ ಹುಣಸೇಮರಕ್ಕೆ ಕಟ್ತಿದ್ವಿ. ಸಣ್ಣೋನು ನನ್ನ ತೊಡೆ ಮ್ಯಾಲೆ ಕೂತು ಇನ್ನೂ ಜೋರು ಇನ್ನೂ ಜೋರು ಅನ್ನೋನು." ಸಣ್ಣೋನು ಅಂದರೆ ಜೈಲಿನಲ್ಲಿದ್ದವನು. ನನಗೆ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸಿತು. ಹೋಗಲಿಲ್ಲ.

ಅಷ್ಟರಲ್ಲಿ ಸಾಹುಕಾರನ ವ್ಯಾನು ಬಂದು ನಿಂತಿತು. ಕೆಲಸ ಎಲ್ಲಿಗೆ ಬಂತು ಅಂತ ನೋಡಲು ಮೇಷ್ಟ್ರನ್ನೂ ಕರೆದುಕೊಂಡು ಬಂದಿದ್ದ. ಜೋಕಾಲಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನ್ರವ್ವ, ಗಲ್ಲುಗಂಬಕ್ಕೆ ಜೋಕಾಲಿ ಕಟ್ಟೀರಲ್ಲ. ಇಳೀರಿ ಇಳೀರಿ, ಹಬ್ಬದ ದಿನ ಅಪಶಕುನ."

ಹೆಂಗಸರು ಹಗ್ಗ ಬಿಟ್ಟು ಹಿಂದೆ ಸರಿದರು. ಅವ್ವ ಇಳಿಯಲಿಲ್ಲ. ಯಾರೂ ತೂಗದ ಜೋಕಾಲಿ ತಾನೇ ನಿಧಾನವಾಗಿ ನಿಲ್ಲುವ ತನಕ ಅದರಲ್ಲೇ ಕೂತಿದ್ದಳು. ಆಮೇಲೆ ಮೇಷ್ಟ್ರನ್ನು ಕೇಳಿದಳು.

"ಗಲ್ಲು ತೆಗೆದಾರೆ ಅಂದ್ರಂತಲ್ಲ ನೀವು?"

"ಹೌದವ್ವ, ಇಂಗ್ಲೆಂಡಿನಾಗೆ."

"ನಮ್ಮಲ್ಲಿ?"

"ನಮ್ಮಲ್ಲಿ ಐತೆ. ಯಾಕವ್ವ?"

"ತಂದಿಟ್ಟೋರೇ ತೆಗೆದ ಮ್ಯಾಲೆ ಇವರಿಗೇನು ಬ್ಯಾನೆ?"

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಅವಳು ಮಗನ ಕಡೆ ಒಂದು ಸಲ ನೋಡಿದಳು. ಬೈಯಲಿಲ್ಲ. ಹಗ್ಗ ಹಿಡಿದುಕೊಂಡು ಇಳಿದು, ಸೆರಗು ಕೊಡವಿ, ಓಣಿಯ ಕಡೆ ನಡೆದಳು. ತಂಬಿಟ್ಟಿನ ಡಬ್ಬಿ ಅಲ್ಲೇ ಉಳಿಯಿತು. ಓಣಿಯ ಹೆಂಗಸೊಬ್ಬಳು ಸಾಹುಕಾರನಿಗೆ ಪಿಸುಗುಟ್ಟಿ ಎಲ್ಲ ಹೇಳಿದಳು. ನಮ್ಮ ಓಣಿಗೆ ಎಲ್ಲ ಗೊತ್ತಿತ್ತು ಅಂತ ನನಗೆ ಗೊತ್ತಾದದ್ದೇ ಆಗ.

ಆಮೇಲೆ ಸಾಹುಕಾರ ಆಡಿದ ಮಾತು ಕೇಳಿ. ಅಣ್ಣನ ಹೆಗಲ ಮೇಲೆ ಕೈ ಹಾಕಿದ, ಬಹಳ ಪ್ರೀತಿಯಿಂದ.

"ಹಂಗಾರೆ ನೀನೇ ಹಗ್ಗ ಎಳೆಯೋನಾಗು. ನಿಮ್ಮನ್ಯಾಗೆ ಹೆಂಗೂ ಆಗಬಾರದ್ದು ಆಗೇತಲ್ಲ. ನಿಂಗೇನು ಅಪಶಕುನ?"

ಅಣ್ಣ ಸುತ್ತಿಗೆ ಹಿಡಿದು ನಿಂತಿದ್ದ. ಅದನ್ನು ಎತ್ತಿಬಿಡುತ್ತಾನೆ ಅಂದುಕೊಂಡೆ. ಎತ್ತಿದ್ದರೆ ನಾನು ತಡೆಯುತ್ತಿದ್ದೆನೋ ಇಲ್ಲವೋ, ಹೇಳಲಾರೆ. ಆ ಮನೆಯಿಂದ ಇನ್ನೊಬ್ಬ ಜೈಲಿಗೆ ಹೋಗುವುದು ಬ್ಯಾಡ ಅಂತ ನಾನೇ ಮುಂದೆ ಬಂದೆ.

"ನಾನು ಎಳೀತೀನಿ ಬಿಡ್ರಿ" ಅಂದೆ.

"ಶಹಬ್ಬಾಸ್" ಅಂದ ಸಾಹುಕಾರ.

ಹದಿನೈದರಂದು ನನಗೆ ಕರಿ ಅಂಗಿ ಹಾಕಿ ಟ್ರೈಲರಿನ ಮೇಲೆ ನಿಲ್ಲಿಸಿದರು. ಹುಲ್ಲು ತುಂಬಿದ ಗೊಂಬೆಗೆ ಖಾದಿ ಜುಬ್ಬಾ ಹಾಕಿದ್ದರು. ಟೋಪಿ ಹಾಕಿಕೊಂಡ ಆಫೀಸರು ದಾರಿಯುದ್ದಕ್ಕೂ ಮಾಳಿಗೆ ಮೇಲಿನ ಹುಡುಗಿಯರಿಗೆ ಕೈ ಬೀಸುತ್ತಿದ್ದ. ಮೊದಲ ಸರ್ಕಲ್ಲಿನಲ್ಲಿ ನಾನು ಹಲಗೆ ಬೀಳಿಸುವ ಲಿವರ್ ಎಳೆದೆ. ಹಲಗೆ ಬಿತ್ತು, ಗೊಂಬೆ ಇಳಿಯಿತು, ಕುತ್ತಿಗೆ ವಾಲಿತು. ಆಮೇಲೆ ಸಿಳ್ಳೆ.

"ಇನ್ನೊಮ್ಮೆ ಎಳೆಯೋ."

"ಕಾಲು ಒದ್ದಾಡಂಗಿಲ್ಲೇನೋ? ಏನು ಗೊಂಬೆ ಮಾಡೀರಿ?"

ಎಲ್ಲರ ಕೈಯಲ್ಲೂ ಮಂಡಕ್ಕಿ ಪೊಟ್ಟಣ. ಒಂದು ಕೈಯಲ್ಲಿ ಮಿರ್ಚಿ ಕಚ್ಚುತ್ತಾ ಇನ್ನೊಂದು ಕೈಯಿಂದ ಮಗುವನ್ನು ಹೆಗಲಿಗೇರಿಸಿ "ನೋಡು ನೋಡು, ಈಗ ಬೀಳ್ತಾನೆ" ಅಂತ ತೋರಿಸುತ್ತಿದ್ದರು. ಬೀಳುವವನು ಯಾರು, ಯಾಕೆ ಸತ್ತ, ಯಾರಿಗೂ ಬೇಕಿರಲಿಲ್ಲ. ಮೇಷ್ಟ್ರು ಹೇಳಿದ ಇಂಗ್ಲೆಂಡು ಇದೇ ಅಂದುಕೊಂಡೆ. ಅವರಿಗೆ ಒಂದು ದಿನ ನಾಚಿಕೆ ಬಂತಂತೆ. ನಮ್ಮವರ ಬಾಯಿ ಎಣ್ಣೆಯಿಂದ ಹೊಳೆಯುತ್ತಿತ್ತು. ನಾನೂ ಏನು ಕಮ್ಮಿ? ಸಂಜೆವರೆಗೂ ಎಳೆದೆ. ಎರಡನೇ ಬಹುಮಾನ ಬಂತು. ಕಮಿಟಿಯವರು ಕಪ್ಪು ಹಿಡಿದು ಫೋಟೋ ತೆಗೆಸಿಕೊಂಡರು, ಗೊಂಬೆಯನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡು.

ಮಾರನೇ ದಿನ ಟ್ರೈಲರು ಶೆಡ್ಡಿಗೆ ವಾಪಸ್ ಬಂತು. ಅಣ್ಣ ಕೆಲಸಕ್ಕೆ ಬಂದಿರಲಿಲ್ಲ. ಮಧ್ಯಾಹ್ನ ಅವ್ವ ಬಂದಳು, ಬುತ್ತಿ ಇಲ್ಲದೆ.

"ಅದು ಬೀಳೋದು ತೋರ್ಸು" ಅಂದಳು.

"ಬ್ಯಾಡವ್ವ."

"ನಿನ್ನೆ ಊರಿಗೆಲ್ಲ ತೋರ್ಸಿದಿ. ನಂಗ್ಯಾಕ ಬ್ಯಾಡ?"

ಗೊಂಬೆ ಎತ್ತಿ ಹಲಗೆಯ ಮೇಲೆ ನಿಲ್ಲಿಸಿದೆ. ಅದರ ಹೊಟ್ಟೆಯಿಂದ ಹುಲ್ಲು ಹೊರಬಂದಿತ್ತು, ಅವಳು ಅದನ್ನು ಒಳಗೆ ತುರುಕಿ ಜುಬ್ಬಾದ ಗುಂಡಿ ಹಾಕಿದಳು. ನಾನು ಲಿವರ್ ಎಳೆದೆ. ಸದ್ದೇ ಆಗಲಿಲ್ಲ. ಹಲಗೆಯ ಕೀಲುಗಳಿಗೆ ಅಷ್ಟು ಗ್ರೀಸ್ ಹಾಕಿದ್ದೆ, ಕೆಲಸ ನೀಟಾಗಿರಲಿ ಅಂತ. ಆ ನೀಟು ನೋಡಿ ನನಗೇ ಹೇಸಿಗೆಯಾಯಿತು.

ಅವಳು ಗೊಂಬೆ ತಿರುಗುವುದು ನಿಲ್ಲುವ ತನಕ ನೋಡಿದಳು.

"ಅವನಿಗೂ ಇಷ್ಟೇ ಬೇಗ ಆಗ್ತೈತಾ?"

ಹಗ್ಗದ ಉದ್ದ, ಆಳಿನ ತೂಕ, ಬಿಸ್ಕೀಟು, ಎಲ್ಲ ನೆನಪಾಯಿತು.

"ಹ್ಞೂಂ ಅವ್ವ. ಇಷ್ಟೇ ಬೇಗ."

"ನೀನೂ ಸುಳ್ಳು ಹೇಳ್ತಿ" ಅಂದಳು. ಸಿಟ್ಟಿರಲಿಲ್ಲ. "ಹೇಳ್ರಿ. ಇಬ್ಬರೂ ಹೇಳ್ರಿ."

ಗಲ್ಲುಗಂಬ ಬರುವ ವರ್ಷಕ್ಕೂ ಬೇಕು, ಜೋಪಾನ ಇಡಿ ಅಂತ ಸಾಹುಕಾರ ಹೇಳಿ ಕಳಿಸಿದ್ದ. ಅವತ್ತೇ ಸಂಜೆ ಗ್ಯಾಸ್ ಕಟರ್ ಹಿಡಿದು ತುಂಡು ತುಂಡು ಮಾಡಿ ಗುಜರಿಗೆ ಹಾಕಿದೆ. ಮಾಲೀಕ ಬೈದ, ನನ್ನ ಪಗಾರದಲ್ಲಿ ಹಿಡಿದ. ಹಿಡಿಯಲಿ.

ಮರುವರ್ಷ ಮೇಷ್ಟ್ರು ತಮ್ಮ ಮನೆಯ ಗೇಟು ರಿಪೇರಿಗೆ ತಂದರು. ಅದೇ ಟೈರಿನ ಮೇಲೆ ಕೂತು ಚಾ ತರಿಸಿಕೊಂಡರು. "ಇಂಗ್ಲೆಂಡಿನಾಗೆ ರಾಜದ್ರೋಹಕ್ಕೂ ಗಲ್ಲು ತೆಗೆದ್ರಂತೆ ಕಣ್ರಪ. ಈಗ ಕಾಗದದ ಮ್ಯಾಲೂ ಇಲ್ಲ, ಪೂರ್ತಿ ಖಲಾಸ್" ಅಂದರು.

ದಿಲ್ಲಿಯಿಂದ ಅರ್ಜಿಗೆ ಇನ್ನೂ ಉತ್ತರ ಬಂದಿರಲಿಲ್ಲ. ಅಣ್ಣ ಈ ಸಲ ಸುತ್ತಿಗೆ ಕೆಳಗಿಡಲಿಲ್ಲ, ಬಡಿಯುತ್ತಲೇ ಇದ್ದ. ಆ ಮಧ್ಯಾಹ್ನ ಅವ್ವ ಬುತ್ತಿ ತಂದಾಗ, ಮೇಷ್ಟ್ರು ಹೇಳಿದ್ದನ್ನು ನಾವಿಬ್ಬರೂ ಅವಳಿಗೆ ಹೇಳಲಿಲ್ಲ.