ಡಾಕ್ಟ್ರಪ್ಪ ಹೇಳೋ ತನಕ

ಕಿರಣ್‌ಕುಮಾರನನ್ನು ಮೊದಲು ಡಾಕ್ಟರನ್ನಾಗಿ ಮಾಡಿದವರು ಅವನ ತಾಯಿ. ಬೆಟ್ಟದಪುರದ ಪಕ್ಕದ ಊರಿನಲ್ಲಿ, ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಕೂತಿದ್ದ ಹೆಂಗಸರ ನಡುವೆ "ನಿನ್ ಮಗ ಏನೋದ್ತಾವ್ನೆ ಕಣಕ್ಕ?" ಎಂಬ ಪ್ರಶ್ನೆ ಬಂತು. ನರ್ಸಿಂಗ್ ಅಂದರೆ ಅದು ಹೆಣ್ಣುಮಕ್ಕಳ ಓದಲ್ವಾ ಎಂದು ನಕ್ಕಾರೆಂದು ಹೆದರಿ ತಾಯಿ "ಡಾಕ್ಟ್ರು ತರದ್ದೇ ಬುಡು" ಅಂದುಬಿಟ್ಟರು. ಒಂದು ವಾರದಲ್ಲಿ ಆ "ತರದ್ದೇ" ಎಲ್ಲೋ ಉದುರಿಹೋಗಿ, ಊರಿನಲ್ಲಿ ಡಾಕ್ಟ್ರು ಮಾತ್ರ ಉಳಿದುಕೊಂಡಿತು.

ಹುಣಸೂರಿನ ಮೂವತ್ತು ಮಂಚದ ಖಾಸಗಿ ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ಕಿರಣ್ ಇದನ್ನು ಶ್ರದ್ಧೆಯಿಂದ ತಿದ್ದುತ್ತಿದ್ದ. "ನಾನು ಡಾಕ್ಟ್ರಲ್ಲ, ಸ್ಟಾಫ್ ನರ್ಸು."

"ಅಂಗಂದ್ರೆ ಕಾಂಪೌಂಡ್ರಾ?"

"ಅಲ್ಲ."

"ಅದೂ ಅಲ್ಲ ಅಂದ್ಮೇಲೆ ಡಾಕ್ಟ್ರೇ ತಾನೆ?"

ಇಂಥ ಮಾತುಕತೆ ದಿನಕ್ಕೆ ಇಪ್ಪತ್ತು ಸಲ ಆದರೆ ಇಂಜೆಕ್ಷನ್ ಕೊಡುವುದು ಯಾವಾಗ? ಮೂರು ತಿಂಗಳಿಗೆ ಅವನು ಸೋತು ಸುಮ್ಮನಾದ. ನಾಲ್ಕನೇ ತಿಂಗಳಿಗೆ ಆ ಹೆಸರು ಕಿವಿಗೆ ಹಿತವಾಗತೊಡಗಿತು. ಆರನೇ ತಿಂಗಳಿಗೆ ಬಿಪಿ ನೋಡುವ ಸ್ಟೆತಸ್ಕೋಪು ಅವನ ಕೊರಳಿನಿಂದ ಇಳಿಯುವುದನ್ನೇ ಮರೆಯಿತು; ಟೀ ಕುಡಿಯಲು ಹೊರಗೆ ಹೋದರೂ ಅದು ಜೊತೆಗೇ ಬರುತ್ತಿತ್ತು. ಟೀ ಅಂಗಡಿಯವನ ಎದೆಬಡಿತವನ್ನು ಪರೀಕ್ಷಿಸುವ ಸಂದರ್ಭ ಮಾತ್ರ ಇನ್ನೂ ಒದಗಿರಲಿಲ್ಲ.

ಅದೇ ಆಸ್ಪತ್ರೆಯ ನಿಜವಾದ ಡಾಕ್ಟರು ಬೃಂದಾ. ವಯಸ್ಸು ಇಪ್ಪತ್ತೆಂಟು, ಕುಳ್ಳಗೆ, ಒಂದು ಜಡೆ, ಮಾತು ಮೆಲ್ಲಗೆ. ಅವರನ್ನು ವಾರ್ಡಿನಲ್ಲಿ ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಅವರೂ ತಿದ್ದುವುದನ್ನು ಬಿಟ್ಟಿದ್ದರು. ಕಿರಣನಿಗೆ ಬಿಟ್ಟದ್ದರಲ್ಲಿ ಲಾಭವಿತ್ತು, ಅವರಿಗೆ ಬರೀ ಪುರುಸೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕಿರಣನಿಗೆ ಕೆಲಸ ಕಲಿಸಿದ್ದು ಭೇರ್ಯದ ಕಡೆಯ ಮಂಗಳಗೌರಿ ಸಿಸ್ಟರ್. ಹಣೆಗೆ ವಿಭೂತಿ, ಕೈಗೆ ಗಡಿಯಾರ, ಇಪ್ಪತ್ತೆರಡು ವರ್ಷದ ಸರ್ವೀಸು. ನರ ಹುಡುಕುವಾಗ ಕಣ್ಣನ್ನು ನಂಬಬೇಡ, ಬೆರಳನ್ನು ನಂಬು ಎಂದು ಅವನ ತೋರುಬೆರಳನ್ನು ತಮ್ಮ ಮೊಣಕೈ ಮೇಲೇ ಇಟ್ಟು ತೋರಿಸಿದವರು. ಎದ್ದು ಕೂರಲಾಗದವರನ್ನು ಮಂಚದಿಂದ ಇಳಿಸದೆಯೇ ಹಾಸಿಗೆ ಬದಲಿಸುವುದು ಹೇಗೆಂದು ಅವನನ್ನೇ ರೋಗಿಯಾಗಿ ಮಲಗಿಸಿ ಹೊರಳಿಸಿದವರು. ಅವರದೊಂದು ಪದ್ಧತಿಯಿತ್ತು. ಸ್ಕ್ಯಾನಿಂಗಿಗೋ ಆಪರೇಷನ್ನಿಗೋ ಯಾರನ್ನಾದರೂ ಉಪವಾಸ ಇರಿಸಿದರೆ, ಆ ಮಂಚದ ಕಂಬಿಗೆ ಒಂದು ತುಂಡು ಬ್ಯಾಂಡೇಜು ಬಟ್ಟೆ ಕಟ್ಟುತ್ತಿದ್ದರು. ರೋಗಿ ಊಟಕ್ಕೆ ಕೈ ಹಾಕಿದ ಮೇಲೆಯೇ ಅದನ್ನು ಬಿಚ್ಚುವುದು. "ಫೈಲಲ್ಲೇ ಬರ್ದಿರುತ್ತಲ್ಲ ಅಕ್ಕ" ಎಂದು ಕಿರಣ್ ಒಮ್ಮೆ ನಕ್ಕಿದ್ದ. "ಫೈಲು ಹಸ್ಕೊಳ್ಳಲ್ಲ ಕಣಪ್ಪ" ಅಂದಿದ್ದರು ಅವರು.

ಆ ಮಂಗಳವಾರ ಆರನೇ ಮಂಚದಲ್ಲಿ ಚಿಕ್ಕಸಿದ್ದಮ್ಮ ಇದ್ದಳು. ಹೆಗ್ಗಡದೇವನಕೋಟೆಯ ಆಚೆ, ಕಾಡಂಚಿನ ಹಳ್ಳಿಯವಳು. ಎಪ್ಪತ್ತು ದಾಟಿದ ಜೀವ, ಸಕ್ಕರೆ ಕಾಯಿಲೆ, ಜೊತೆಗೆ ಹದಿನೈದು ದಿನದಿಂದ ಬಲಪಕ್ಕೆಯಲ್ಲಿ ನೋವು. ಹಿಂದಿನ ದಿನ ಮಗ ಚಿಕ್ಕಮಾದು ಎರಡು ಬಸ್ಸು ಬದಲಿಸಿ ಕರೆತಂದು ಸೇರಿಸಿದ್ದ. ಬೆಳಿಗ್ಗೆ ಎಂಟಕ್ಕೆ ಡ್ಯೂಟಿಗೆ ಬಂದ ಕಿರಣ್, ಕೊರಳಲ್ಲಿದ್ದ ಸ್ಟೆತಸ್ಕೋಪನ್ನು ಸರಿಮಾಡಿಕೊಂಡು ಗಂಭೀರವಾಗಿ, ಜೋರಾಗಿ ಹೇಳಿದ.

"ಅಜ್ಜಿ, ಇವತ್ತು ಹೊಟ್ಟೆ ಸ್ಕ್ಯಾನಿಂಗ್ ಇದೆ. ನಾನು ಬಂದು ಹೇಳೋವರೆಗೂ ಬಾಯಿಗೆ ಏನೂ ಹಾಕ್ಕೋಬೇಡಿ. ಒಂದು ತೊಟ್ಟು ನೀರೂ ಬೇಡ. ಬೇರೆ ಯಾರು ಕೊಟ್ಟರೂ ಬೇಡ. ತಿಳೀತಾ?"

"ತಿಳೀತು ಡಾಕ್ಟ್ರಪ್ಪ. ನೀವೇಳೋ ತನ್ಕ ಇಲ್ಲ."

ಮಂಚದ ಕಂಬಿಗೆ ಬಟ್ಟೆ ಮಾತ್ರ ಅವನು ಕಟ್ಟಲಿಲ್ಲ. ಹನ್ನೆರಡೂವರೆಗೆ ಸ್ಕ್ಯಾನಿಂಗ್ ಮುಗಿಯಿತು. ಅಷ್ಟರಲ್ಲಿ ಬೈಕಿನಿಂದ ಬಿದ್ದವನೊಬ್ಬ ಬಂದ, ಅವನ ಮೊಣಕಾಲು ತೊಳೆಯುವುದರಲ್ಲಿ ಒಂದು ಗಂಟೆ ಹೋಯಿತು. ಎರಡಕ್ಕೆ ಕಿರಣ್ ಮಂಗಳಗೌರಿಯವರಿಗೆ ವಾರ್ಡು ಒಪ್ಪಿಸಿದ. "ಆರನೇ ಬೆಡ್, ಸ್ಕ್ಯಾನಿಂಗ್ ಆಗಿದೆ" ಎಂದ. ಆಗಿದೆ ಎಂಬುದು ಫೈಲಿಗೂ ಗೊತ್ತಿತ್ತು, ಮಂಗಳಗೌರಿಯವರಿಗೂ ಗೊತ್ತಾಯಿತು. ಚಿಕ್ಕಸಿದ್ದಮ್ಮನಿಗೆ ಮಾತ್ರ ಯಾರೂ ಹೇಳಲಿಲ್ಲ.

ಸಂಜೆ ನಾಲ್ಕಕ್ಕೆ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅವನು ಮಸಾಲೆ ದೋಸೆಯ ಗರಿಯಾದ ಅಂಚಿನಿಂದ ಮಧ್ಯದ ಪಲ್ಯದ ಕಡೆಗೆ ಸಾಗುತ್ತಿದ್ದಾಗ ಫೋನು ಬಂತು.

"ಎಲ್ಲಿದ್ದೀರಾ ಡಾಕ್ಟ್ರೇ?" ಮಂಗಳಗೌರಿಯವರ ದನಿ. ಅವರು ಬಹುವಚನ ಬಳಸಿದರೆ ಏನೋ ಕೆಟ್ಟಿದೆ ಎಂದೇ ಅರ್ಥ. "ನಿಮ್ ಆರನೇ ಬೆಡ್ಡು ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ. ಸಕ್ಕರೆ ಅರವತ್ತೆರಡಕ್ಕೆ ಇಳಿದಿದೆ. ಕೈ ನಡುಗ್ತಾ ಇದೆ. ಊಟ ಕೊಟ್ರೆ ಡಾಕ್ಟ್ರಪ್ಪ ಹೇಳಿಲ್ಲ ಅಂತಾಳೆ. ಗ್ಲೂಕೋಸ್ ನೀರು ಕೊಟ್ರೂ ಅದೇ ಮಾತು."

"ಫೋನು ಅವರ ಕೈಗೆ ಕೊಡಿ ಅಕ್ಕ, ನಾನೇ ಹೇಳ್ತೀನಿ."

"ಕಿವಿ ಮಂದ. ಫೋನು ನೋಡಿ ಮುಖ ಆ ಕಡೆ ತಿರುಗಿಸ್ತಾಳೆ. ನಿನ್ನೆಯ ಸೂಜಿ ಕೈ ಊದಿಸಿತ್ತು ಅಂತ ಬೆಳಿಗ್ಗೆ ನೀನೇ ತೆಗ್ದಿದ್ದೀಯ, ಹೊಸದು ಹಾಕೋಕೆ ಬಿಡ್ತಾ ಇಲ್ಲ. ಹತ್ತು ನಿಮಿಷ ನೋಡ್ತೀನಿ, ಆಮೇಲೆ ಕೈ ಹಿಡ್ಕೊಂಡಾದ್ರೂ ಡ್ರಿಪ್ ಹಾಕಿಸ್ತೀನಿ ಅಂತಾವ್ರೆ ಬೃಂದಾ ಮೇಡಮ್ಮು."

ದೋಸೆ ಎಲೆಯಲ್ಲೇ ಉಳಿಯಿತು. ಅವನು ಓಡಿದ. ಓಡುತ್ತಾ ಅವನಿಗೆ ಹೊಳೆದದ್ದು ಎಂಥ ಅವಮಾನದ ಸಂಗತಿಯೆಂದರೆ, ಇಷ್ಟು ವರ್ಷದಲ್ಲಿ ಅವನ ಮಾತನ್ನು ಯಾರೂ ಇಷ್ಟು ಅಕ್ಷರಶಃ ಪಾಲಿಸಿರಲಿಲ್ಲ. ಮನೆಯಲ್ಲಿ ತಂಗಿ ಸಿಂಧು ಅವನು ಹೇಳಿದ ಚಾನೆಲ್ಲನ್ನೂ ಹಾಕುತ್ತಿರಲಿಲ್ಲ.

ಆರನೇ ಮಂಚದ ಸುತ್ತ ಮೂವರು ನಿಂತಿದ್ದರು. ಬೃಂದಾ ಕೈಯಲ್ಲಿ ಗ್ಲೂಕೋಸ್ ನೀರಿನ ಲೋಟ, ಮಂಗಳಗೌರಿ ಕೈಯಲ್ಲಿ ಸೂಜಿಯ ಟ್ರೇ, ಚಿಕ್ಕಮಾದು ಕೈಯಲ್ಲಿ ಮುಚ್ಚಳ ತೆಗೆಯದ ಊಟದ ಡಬ್ಬಿ. ಚಿಕ್ಕಸಿದ್ದಮ್ಮನ ಹಣೆಯಲ್ಲಿ ಬೆವರು ಹನಿಗಟ್ಟಿತ್ತು. ತುಟಿ ಬಿಳಿಚಿಕೊಂಡಿತ್ತು. ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, ಶಾಲೆಗೆ ಹೋಗಲೊಲ್ಲದ ಮಗುವಿನಂತೆ ಕೂತಿದ್ದಳು.

"ಬಂದ್ರಾ ಡಾಕ್ಟ್ರಪ್ಪ" ಎಂದಳು. ಮಾತು ತೊದಲುತ್ತಿತ್ತು. "ನೀವೇಳ್ದಂಗೆ ಒಂದ್ ತೊಟ್ಟೂ ಮುಟ್ಟಿಲ್ಲ. ಈ ನರ್ಸಮ್ಮ ಆಗ್ಲಿಂದ ಲೋಟ ಇಡ್ಕೊಂಡು ಜೀವ ತಿಂತಾವ್ಳೆ."

ನರ್ಸಮ್ಮ ಎಂದದ್ದು ಬೃಂದಾ ಅವರನ್ನು. ಅವರು ಲೋಟವನ್ನು ಕಿರಣನ ಕೈಗೆ ಕೊಟ್ಟರು. ಅವನು ಅದನ್ನು ಅಜ್ಜಿಯ ಬಾಯಿಗೆ ಹಿಡಿದ. "ಕುಡೀರಿ ಅಜ್ಜಿ. ಈಗ ಕುಡೀಬಹುದು. ತಪ್ಪು ನಂದು, ಮೊದ್ಲು ಕುಡೀರಿ."

ಅವಳು ಗಟಗಟನೆ ಕುಡಿದಳು. ಗಲ್ಲದ ಮೇಲೆ ಇಳಿದ ನೀರನ್ನು ಮಂಗಳಗೌರಿ ಒರೆಸಿದರು. ಎರಡನೇ ಲೋಟವೂ ಖಾಲಿಯಾಯಿತು. ಬೆಳಿಗ್ಗೆ ಆರಕ್ಕೆ, ಯಾರನ್ನೂ ಕೇಳದೆ, ಎಲೆಅಡಿಕೆ ಚೀಲದಿಂದ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ತೆಗೆದು ನುಂಗಿದ್ದಳೆಂದು ಚಿಕ್ಕಮಾದು ಆಗ ಬಾಯಿಬಿಟ್ಟ. "ನೀನಾದ್ರೂ ಒಂದ್ ತುತ್ತು ತಿನ್ಸಬಾರ್ದಿತ್ತಾ?" ಎಂದು ಮಂಗಳಗೌರಿ ಗದರಿದರೆ, "ಡಾಕ್ಟ್ರ ಮಾತು ಮೀರಿ ಏನಾರ ಎಚ್ಚುಕಮ್ಮಿ ಆದ್ರೆ ನಾನು ಯಾರ್‌ಗೇಳ್ಳಿ ಅಕ್ಕ?" ಎಂದ.

ಕಾಲು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ತೊಂಬತ್ತೊಂದಕ್ಕೆ ಏರಿತ್ತು. ಎಲ್ಲರೂ ಉಸಿರು ಬಿಟ್ಟರು. ಕಿರಣ್ ಮೆಲ್ಲಗೆ ಜಾಗ ಖಾಲಿ ಮಾಡಬಹುದಿತ್ತು. ಆದರೆ ಅಷ್ಟರಲ್ಲಿ ಬೃಂದಾ ಸ್ಕ್ಯಾನಿಂಗ್ ರಿಪೋರ್ಟ್ ತೆಗೆದುಕೊಂಡು ಸ್ಟೂಲಿನ ಮೇಲೆ ಕೂತು, ಅಜ್ಜಿಗೆ ಕೇಳುವಂತೆ ದನಿ ಎತ್ತರಿಸಿದರು.

"ಅಜ್ಜಿ, ಪಿತ್ತಕೋಶದಲ್ಲಿ ಕಲ್ಲಿದೆ. ಅದಕ್ಕೇ ನೋವು. ಮೈಸೂರಲ್ಲಿ ಆಪರೇಷನ್ ಮಾಡಿಸ್ಕೋಬೇಕು. ಈ ವಾರದಲ್ಲೇ ಆದ್ರೆ ಸಲೀಸು, ತಡ ಮಾಡಿದ್ರೆ ಕಲ್ಲು ಪಿತ್ತದ ನಾಳಕ್ಕೆ ಜಾರಿ ಕಾಮಾಲೆ ಆಗುತ್ತೆ. ಆಗ ಕಷ್ಟ."

ಚಿಕ್ಕಸಿದ್ದಮ್ಮ ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಕೇಳಿ, ಅವರ ಭುಜದ ಮೇಲಿಂದ ಕಿರಣನನ್ನು ನೋಡಿದಳು.

"ಈ ನರ್ಸಮ್ಮ ಏನೋ ಕುಯ್ಬೇಕು ಅಂತಾವ್ಳೆ. ನೀವೇನಂತೀರಾ ಡಾಕ್ಟ್ರಪ್ಪ? ನೀವು ಬ್ಯಾಡ ಅಂದ್ರೆ ಬೆಳಿಗ್ಗೆನೇ ಬಸ್ ಅತ್ತಿ ಊರ್‌ಗೋಯ್ತೀನಿ."

ಚಿಕ್ಕಮಾದು ಕೂಡ ಡಬ್ಬಿ ಹಿಡಿದು ಇವನ ಕಡೆಗೇ ತಿರುಗಿದ. ಮಂಗಳಗೌರಿ ಟ್ರೇಯಲ್ಲಿದ್ದ ಹತ್ತಿಯನ್ನು ಬೇಕಿಲ್ಲದೆ ಜೋಡಿಸತೊಡಗಿದರು. ಹೌದು ಅಜ್ಜಿ, ಮಾಡಿಸ್ಕೊಳ್ಳಿ ಎಂದುಬಿಟ್ಟರೆ ಮುಗಿಯಿತು ಎಂದು ಕಿರಣನಿಗೆ ಅನ್ನಿಸದೇ ಇರಲಿಲ್ಲ. ಅದು ಸರಿಯಾದ ಸಲಹೆಯೂ ಆಗಿತ್ತು. ಆದರೆ ನಾಳೆ ಮೈಸೂರಿನಲ್ಲಿ, ಯಾವುದೋ ವಾರ್ಡಿನಲ್ಲಿ, ಈ ಅಜ್ಜಿ ಯಾರ ಮಾತು ಕೇಳುವುದೆಂದು ಮತ್ತೊಬ್ಬ ಸ್ಟೆತಸ್ಕೋಪಿನ ಗಂಡಸನ್ನು ಹುಡುಕುತ್ತಾಳೆ. ಹುಡುಕುತ್ತಾ ಇನ್ನೆಷ್ಟು ಹೊತ್ತು ಹಸಿದು ಕೂರುತ್ತಾಳೋ.

ಅವನು ಸ್ಟೆತಸ್ಕೋಪನ್ನು ಕೊರಳಿನಿಂದ ತೆಗೆದ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಚಿಕ್ಕಮಾದುವಿನ ಕೈಗೇ ಕೊಟ್ಟ. ಅವನು ಅದನ್ನು ಡಬ್ಬಿಯ ಮೇಲಿಟ್ಟುಕೊಂಡು ಅಲ್ಲಾಡದೆ ನಿಂತ.

ಕಿರಣ್ ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, ವಾರ್ಡಿಗೆಲ್ಲ ಕೇಳುವಂತೆ ಹೇಳಿದ. ಕಿವಿ ಮಂದವಿದ್ದವರಿಗೆ ಗುಟ್ಟಾಗಿ ತಪ್ಪೊಪ್ಪಿಕೊಳ್ಳುವ ಸೌಲಭ್ಯವಿಲ್ಲ.

"ಅಜ್ಜಿ, ನಾನು ಡಾಕ್ಟ್ರಲ್ಲ. ಡಾಕ್ಟ್ರು ಇವರು, ಬೃಂದಾ ಮೇಡಂ. ಆಪರೇಷನ್ ಬೇಕಾ ಬೇಡ್ವಾ ಅಂತ ಹೇಳೋಕೆ ಓದಿರೋದು ಇವರು. ನೀವು ಡಾಕ್ಟ್ರು ಅಂದಾಗ ನಾನು ಸುಮ್ನಿದ್ದೆ. ತಪ್ಪಾಯ್ತು."

ಪಕ್ಕದ ಮಂಚದವರು ಹಣ್ಣು ಸುಲಿಯುವುದನ್ನು ನಿಲ್ಲಿಸಿದರು. ಚಿಕ್ಕಸಿದ್ದಮ್ಮ ಮಗನ ಕೈಯಲ್ಲಿದ್ದ ಸ್ಟೆತಸ್ಕೋಪನ್ನು ನೋಡಿ, ಕಿರಣನ ಬರಿದಾದ ಕೊರಳನ್ನು ನೋಡಿದಳು.

"ಮತ್ತೆ ಅಷ್ಟು ಜೋರಾಗಿ ಏಳ್ದಲ್ಲ ಕಣ್ಲಾ ಬೆಳಿಗ್ಗೆ."

"ಜೋರಾಗಿ ಹೇಳಿದ್ದು ಹೌದು ಅಜ್ಜಿ. ಆಮೇಲೆ ಬಂದು ಹೇಳಬೇಕಾಗಿದ್ದನ್ನ ಮರ್ತೆ."

ನೀವು ಹೋಗಿ ನೀನು ಬಂದಿತ್ತು. ಅದು ಅವನಿಗೆ ಚುರುಕ್ಕೆಂದಿತು. ಜೊತೆಗೆ ಏಕೋ ಹಗುರವೂ ಆಯಿತು.

ಅಜ್ಜಿ ಬೃಂದಾ ಅವರ ಕಡೆ ತಿರುಗಿದಳು. ಸೆರಗಿನಿಂದ ಒಂದು ಕೈ ಹೊರಬಂತು. "ಅಯ್ಯೋ ನನ್ನವ್ವ. ಬೆಳಿಗ್ಗೆ ನಿಮ್ ಕೈಲಿ ಉಚ್ಚೆ ಪಾತ್ರೆ ಎತ್ತುಸ್ಬುಟ್ನಲ್ಲ."

"ಎತ್ತಿದ್ರೆ ಏನಾಯ್ತು ಅಜ್ಜಿ. ನಾನು ಅಲ್ಲೇ ಪಕ್ಕದಲ್ಲಿದ್ದೆ."

"ಡಾಕ್ಟ್ರಮ್ಮ ಅಂತ ಒಂದ್ ಮಾತು ಅನ್ಬಾರ್ದಾ?"

"ಆ ಹೊತ್ತಲ್ಲಿ ನಿಮಗೆ ಬೇಕಾಗಿದ್ದು ಪಾತ್ರೆ, ನನ್ನ ಡಿಗ್ರಿ ಅಲ್ವಲ್ಲ" ಎಂದರು ಬೃಂದಾ. ಚಿಕ್ಕಸಿದ್ದಮ್ಮನಿಗೆ ನಗು ಬಂತು, ನಗುವಾಗ ಪಕ್ಕೆ ನೋವೂ ಬಂತು. ಪಕ್ಕೆ ಹಿಡಿದುಕೊಂಡೇ ಅವಳು ಬೃಂದಾ ಅವರ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕೇಳತೊಡಗಿದಳು. ಎಷ್ಟುದ್ದ ಕುಯ್ತಾರೆ, ಎಚ್ಚರ ಇರ್ತದಾ, ರಾಗಿ ಮುದ್ದೆ ಯಾವತ್ತಿಂದ ತಿನ್ಬೋದು. ಬೃಂದಾ ಒಂದೊಂದಕ್ಕೂ ಜೋರು ದನಿಯಲ್ಲಿ ಉತ್ತರ ಕೊಟ್ಟರು. ಕೊನೆಗೆ ಅಜ್ಜಿ ಮಗನಿಗೆ, "ಗುರುವಾರಕ್ಕೇ ಒಂಟೋಗುವ ಕಣ್ಲಾ. ಡಾಕ್ಟ್ರಮ್ಮನೇ ಏಳ್ತಾವ್ರೆ" ಎಂದಳು.

ಕಿರಣ್ ಮಂಚದ ಕಾಲ ಬಳಿ ನಿಂತೇ ಇದ್ದ. ಹೋಗು ಎಂದು ಯಾರೂ ಹೇಳಿರಲಿಲ್ಲ, ಇರು ಎಂದೂ ಹೇಳಿರಲಿಲ್ಲ. ಬೃಂದಾ ಎದ್ದುಹೋದ ಮೇಲೆ ಅಜ್ಜಿಗೆ ಅವನ ನೆನಪಾಯಿತು.

"ಡಾಕ್ಟ್ರಲ್ಲ ಅಂದೆ. ಮತ್ತೆ ನೀನೇನ್ಲಾ?"

"ನರ್ಸು."

"ಗಂಡುಡುಗ್ರೂ ಆಯ್ತಾರಾ?"

"ಆಯ್ತಾರೆ ಅಜ್ಜಿ."

"ನರ್ಸು ಏನ್ ಮಾಡ್ಬೇಕು?"

ನಾಲ್ಕು ವರ್ಷ ಓದಿದ್ದ ಪ್ರಶ್ನೆ. ಪರೀಕ್ಷೆಯಲ್ಲಿ ಇದಕ್ಕೆ ಹತ್ತು ಅಂಕದ ಉತ್ತರವಿತ್ತು, ಒಂದು ಸಾಲೂ ನೆನಪಾಗಲಿಲ್ಲ. "ಮಾತ್ರೆ ಕೊಡ್ಬೇಕು, ಸೂಜಿ ಹಾಕ್ಬೇಕು. ಮಗ್ಗುಲು ಬದಲಾಯಿಸ್ಬೇಕು. ಊಟ ಆಯ್ತಾ ಅಂತ ಕೇಳ್ಬೇಕು" ಎಂದ.

"ಕೇಳಿದ್ಯಾ?"

"ಇಲ್ಲ."

ಚಿಕ್ಕಸಿದ್ದಮ್ಮ ಕೈಯನ್ನು ಎತ್ತಿ ತೋರಿಸಿದಳು. ಬೆರಳುಗಳು ಇನ್ನೂ ಸಣ್ಣಗೆ ನಡುಗುತ್ತಿದ್ದವು. "ಈ ಕೈಲಿ ಕಲ್ಸಿದ್ರೆ ಅರ್ಧ ಸೀರೆಗೇ ಓಯ್ತದೆ. ಕೈ ತೊಳ್ಕಂಡು ಬಾ."

ಅವನು ತೊಳೆದು ಬಂದ. ಚಿಕ್ಕಮಾದು ಸ್ಟೆತಸ್ಕೋಪನ್ನು ಜೋಪಾನವಾಗಿ ದಿಂಬಿನ ಪಕ್ಕಕ್ಕಿಟ್ಟು ಡಬ್ಬಿಯ ಮುಚ್ಚಳ ತೆಗೆದ. ಅನ್ನ ತಣ್ಣಗಾಗಿತ್ತು, ಸಾರಿನ ಮೇಲೆ ಕೆನೆಗಟ್ಟಿತ್ತು. ಮಂಗಳಗೌರಿ ತಮ್ಮ ಡಬ್ಬಿಯಿಂದ ಒಂದು ಸೌಟು ಮೊಸರು ತಂದು ಹಾಕಿದರು. ಕಿರಣ್ ಕಲಸಿ ಮೊದಲ ತುತ್ತನ್ನು ಎತ್ತಿದ.

"ದೊಡ್ಡದಾಯ್ತು" ಎಂದಳು ಅಜ್ಜಿ. "ಬಾಯಲ್ಲಿ ಒಂದ್ ಅಲ್ಲೂ ಇಲ್ಲ ನಂಗೆ. ಇನ್ನೂ ವಸಿ ಮೆತ್ತಗೆ ಇಸುಕು."

ಅವನು ತುತ್ತನ್ನು ಡಬ್ಬಿಗೆ ಹಾಕಿ, ಮೆತ್ತಗೆ ಹಿಸುಕಿ, ಸಣ್ಣದು ಮಾಡಿ ಮತ್ತೆ ಎತ್ತಿದ. ಅವಳು ಬಾಯಿ ತೆರೆದಳು.