ಅಂಗಿಯನ್ನೇ ಅಪ್ಪ ಅಂದ ಮಗಳು

"ಟಾಪು!"

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ಡಿಪೋದ ಹಿಂಬದಿಯಲ್ಲಿ ಕೂಗೊಂದು ಏಳುತ್ತದೆ, ಅದರ ಬೆನ್ನಿಗೇ ನೀರು ಬಸ್ಸಿನ ನೆತ್ತಿಗೆ ಅಪ್ಪಳಿಸುತ್ತದೆ. "ಗಾಜು!" "ಬದಿ!" "ಚಕ್ರ!" ಒಂದೊಂದು ಕೂಗಿಗೂ ನೀರಿನ ಗುರಿ ಬದಲಾಗುತ್ತದೆ. ಕೂಗದೆ ಪೈಪು ತಿರುಗಿಸುವಂತಿಲ್ಲ. ಬಸ್ಸಿನ ಆಚೆ ಬದಿಯಲ್ಲಿ ಬ್ರಷ್ಷು ಹಿಡಿದು ಉಜ್ಜುವವನಿಗೆ ಈಚೆಯದು ಕಾಣುವುದಿಲ್ಲ. ಹೇಳದೆ ಬಿಟ್ಟರೆ ನೀರಿನ ಹೊಡೆತಕ್ಕೆ ಆತ ಅಂಗಾತ ಬೀಳುತ್ತಾನೆ. ಪೈಪು ಹಿಡಿದಿರುವ ಇವರನ್ನು ಡಿಪೋದಲ್ಲಿ ಎಲ್ಲರೂ ಪೈಪಣ್ಣ ಎನ್ನುತ್ತಾರೆ.

ಬೆಳಗಾಗುವಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಬಸ್ಸುಗಳು ಮೈ ತೊಳೆದುಕೊಂಡು ಸಾಲಾಗಿ ನಿಲ್ಲುತ್ತವೆ. ಪ್ರಯಾಣಿಕರಿಗೆ ಕಿಟಕಿಯಾಚೆಯ ರಸ್ತೆ ಕಾಣುತ್ತದೆಯೇ ಹೊರತು ಕಿಟಕಿ ತೊಳೆದವರು ಕಾಣುವುದಿಲ್ಲ. ಪೈಪಣ್ಣನಿಗೆ ಅದರ ಬೇಸರವೇನೂ ಇಲ್ಲ. ಊರವರ ಕಣ್ಣಿಗೆ ಬೀಳದಿದ್ದರೆ ಹೋಗಲಿ; ಹೆತ್ತ ಮಗಳ ಕಣ್ಣಿಗೇ ತಾನು ಬಿದ್ದಿಲ್ಲವೆಂದು ಗೊತ್ತಾದ ದಿನವನ್ನು ಮಾತ್ರ ಅವರು ಇನ್ನೂ ಮರೆತಿಲ್ಲ.

ಆಗ ಮಗಳಿಗೆ ಒಂದೂವರೆ ವರ್ಷ. ಪೈಪಣ್ಣ ರಾತ್ರಿ ಪಾಳಿಗೆ ಮನೆ ಬಿಡುವ ಹೊತ್ತಿಗೆ ಅವಳು ನಿದ್ದೆಯಲ್ಲಿರುತ್ತಿದ್ದಳು. ಬೆಳಿಗ್ಗೆ ಇವರು ಬಂದು ಮಲಗಿದರೆ, ಸದ್ದಾಗಬಾರದೆಂದು ತಾಯಿ ಅವಳನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ಸಂಜೆಗೆ ಇವರು ಗ್ಯಾರೇಜಿನಲ್ಲಿ ಕಾರು ತೊಳೆಯಲು ಓಡುತ್ತಿದ್ದರು. "ಕೂಸಿಗೆ ಡೀಸೆಲ್ ವಾಸನೆ ತಗಲಬಾರದು ಅಂತ ಡಿಪೋದಲ್ಲೇ ಸೋಪು ಹಾಕಿ ಮೈಯೆಲ್ಲ ಉಜ್ಜಿಕೊಂಡು, ಒಗೆದ ಅಂಗಿ ತೊಟ್ಟು ಬರ್ತಿದ್ದೆ. ಹತ್ರ ಹೋಗೋದೇ ಅಪರೂಪ, ಹೋದಾಗಲಾದ್ರೂ ಚೊಕ್ಕಟವಾಗಿ ಹೋಗೋಣ ಅಂತ" ಎನ್ನುತ್ತಾರೆ.

ಗ್ಯಾರೇಜಿಗೆ ರಜೆಯಿದ್ದ ಒಂದು ಸಂಜೆ ಅವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಕೈ ಚಾಚಿದರು. "ಬಾ ಪುಟ್ಟಿ, ಅಪ್ಪನ ಹತ್ರ ಬಾ." ಮಗಳು ಅವರನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ತಿರುಗಿ, ತಟಪಟ ಹೆಜ್ಜೆ ಹಾಕುತ್ತಾ ಗೋಡೆಯ ಬಳಿ ಹೋದಳು. ಅಲ್ಲಿ ಮೊಳೆಗೆ ತೂಗುಹಾಕಿದ್ದ ಹಳೆಯ ಕೆಲಸದ ಅಂಗಿಯತ್ತ ಎರಡೂ ಕೈ ಎತ್ತಿ ನಗುತ್ತಾ ಹೇಳಿದಳು: "ಅಪ್ಪ!"

ಪೈಪಣ್ಣ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಒಲೆಯ ಮುಂದಿದ್ದ ಹೆಂಡತಿ ಉರಿ ತಗ್ಗಿಸಿ ಎದ್ದು ಬಂದಳು.

"ನಿಮ್ಮ ನಿದ್ದೆ ಕೆಡಬಾರದು ಅಂತ ಮಾಡಿದ್ದು ಕಣ್ರೀ" ಎಂದಳು ಆಕೆ. "ಅತ್ತಾಗೆಲ್ಲ ಅಂಗಿ ತೋರಿಸಿ, ಅಪ್ಪ ಅಲ್ಲಿದ್ದಾರೆ ನೋಡು ಅಂತಿದ್ದೆ. ಮೂಸಿ ನೋಡಿ ಸುಮ್ಮನಾಗ್ತಿದ್ಲು."

ಯಾರನ್ನು ಬೈಯುವುದು? ಒಬ್ಬರು ಮಗುವಿಗೆಂದು ವಾಸನೆ ತೊಳೆದುಕೊಂಡರು, ಇನ್ನೊಬ್ಬರು ಗಂಡನಿಗೆಂದು ಆ ವಾಸನೆಯನ್ನೇ ಮಗುವಿಗೆ ಕೊಟ್ಟರು. ಅದೂ ಎಂಥ ಹೊತ್ತಿನಲ್ಲಿ! ಮುಂದಿನ ಸೋಮವಾರದಿಂದ ಆಕೆ ಹೊಲಿಗೆ ಕಾರ್ಖಾನೆಯ ಕೆಲಸಕ್ಕೆ ಮರಳಬೇಕಿತ್ತು. ಹಗಲೆಲ್ಲ ಮಗು ಅಪ್ಪನ ಬಳಿಯೇ ಇರಬೇಕು, ಬೇರೆ ದಿಕ್ಕಿಲ್ಲ.

ಮರುದಿನ ಪೈಪಣ್ಣ ಒಂದು ಉಪಾಯ ಹೂಡಿದರು. ಮೊಳೆಯ ಮೇಲಿನ ಅಂಗಿಯನ್ನೇ ತೊಟ್ಟು ಮಗಳ ಮುಂದೆ ನಿಂತರು. ಅವಳು ಕಿಟಾರನೆ ಕಿರುಚಿದ ಸದ್ದಿಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಗೋಡೆಯ ಮೇಲೆ ತೆಪ್ಪಗಿದ್ದ ಅಪ್ಪನಿಗೆ ಇದ್ದಕ್ಕಿದ್ದಂತೆ ತಲೆ ಮೂಡಿ, ಮೀಸೆ ಬಂದು, ನಡೆಯತೊಡಗಿದರೆ ಯಾರಿಗೆ ತಾನೇ ಜೀವ ಬಾಯಿಗೆ ಬರುವುದಿಲ್ಲ? ಇವತ್ತು ಹೇಳುವಾಗ ಪೈಪಣ್ಣ ನಗುತ್ತಾರೆ. ಆಗ ನಕ್ಕಿರಲಿಲ್ಲ.

"ಕೆಲಸ ಬೇಡ ಅಂತ ಹೇಳಿ ಕಳಿಸ್ತೀನಿ ಬಿಡಿ" ಎಂದಳು ಹೆಂಡತಿ. ಆ ಕೆಲಸಕ್ಕಾಗಿ ಆಕೆ ಎಷ್ಟು ದಿನದಿಂದ ಕಾದಿದ್ದಳೆಂದು ಅವರಿಗೆ ಗೊತ್ತು. "ಎರಡು ದಿನ ತಡಿ" ಎಂದರು. ಆದರೆ ಏನು ಮಾಡಬೇಕೆಂದು ಅವರಿಗೂ ತೋಚಿರಲಿಲ್ಲ.

ಶನಿವಾರ ಆಕೆ ಬೇಕೆಂದೇ ಮಗುವನ್ನು ಬಿಟ್ಟು ಹೊರಗೆ ಹೋದಳು. ಮಗು ಅತ್ತಿತು, ಅತ್ತಿತು, ಕೊಟ್ಟ ಬಾಳೆಹಣ್ಣನ್ನು ಕಿವುಚಿ ಕೂದಲಿಗೆಲ್ಲ ಮೆತ್ತಿಕೊಂಡಿತು. ಬೇರೆ ದಾರಿ ಕಾಣದೆ ಪೈಪಣ್ಣ ಅವಳನ್ನು ಬಚ್ಚಲಿಗೆ ಎತ್ತಿಕೊಂಡು ಹೋದರು. ಚೊಂಬು ಹಿಡಿದ ಕೈಗೆ ತನ್ನ ಕೆಲಸ ಗೊತ್ತಿತ್ತು, ಬಾಯಿಗೆ ತನ್ನ ಅಭ್ಯಾಸ. "ಟಾಪು!" ಎಂದು ಕೂಗಿ ನೆತ್ತಿಗೆ ನೀರು ಸುರಿದರು. ಮಗು ಅಳು ನಿಲ್ಲಿಸಿತು. "ಗಾಜು!" ಮುಖ. "ಬದಿ!" ಪಕ್ಕೆ. "ಚಕ್ರ!" ಪಾದ. ಮೊದಲೇ ಕೂಗಿ ಹೇಳಿದ್ದರಿಂದ ಯಾವ ನೀರೂ ಅವಳ ಮೇಲೆ ಹೇಳದೆ ಕೇಳದೆ ಬೀಳಲಿಲ್ಲ.

ಎರಡನೇ ಸುತ್ತಿಗೆ "ಚಕ್ರ!" ಎಂದಾಗ ಪುಟ್ಟ ಕಾಲೊಂದು ತಾನಾಗಿ ಮೇಲೆದ್ದಿತು.

"ನನ್ನ ಕೈಲಿದ್ದ ಚೊಂಬು ಬಿದ್ದೇ ಹೋಯ್ತು" ಎನ್ನುತ್ತಾರೆ ಪೈಪಣ್ಣ. "ಅವಳು ಕಾಲು ಎತ್ಕೊಂಡು ಹಾಗೇ ನಿಂತಿದ್ಲು, ನನ್ನ ಭುಜ ಹಿಡ್ಕೊಂಡು."

ಸೋಮವಾರ ಹೆಂಡತಿ ಕೆಲಸಕ್ಕೆ ಹೋದಳು. ಈಗ ಪೈಪಣ್ಣ ಮಗಳಿಗೆ ಸ್ನಾನ ಮಾಡಿಸಿ, ಅವಳು ಮಲಗಿದಾಗ ಪಕ್ಕದಲ್ಲಿ ತಾವೂ ಕಣ್ಣು ಮುಚ್ಚುತ್ತಾರೆ. ಗ್ಯಾರೇಜಿನ ಕೆಲಸ ಬಿಟ್ಟಿದ್ದಾರೆ, ಕೈ ಬಿಗಿಯಾಗಿದೆ.

ಅಂಗಿಯ ಕಥೆ ಕೇಳಿ ಡಿಪೋದಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಿವೃತ್ತಿಗೆ ಬಂದ ಡ್ರೈವರೊಬ್ಬರು ಮಾತ್ರ ನಗಲಿಲ್ಲ. "ನಿನ್ನ ಮಗಳು ಅಂಗಿಗಾದ್ರೂ ಅಪ್ಪ ಅಂದ್ಲಪ್ಪ" ಎಂದರು. "ಮೊನ್ನೆ ನನ್ನ ಮಗನ ಪಕ್ಕ ಒಂದು ಗಂಟೆ ಕೂತಿದ್ದೆ. ಇಬ್ಬರಿಗೂ ಒಂದು ಮಾತು ಹುಟ್ಟಲಿಲ್ಲ."

ಕೊನೆಯ ಬಸ್ಸು ತೊಳೆದು ಪೈಪಣ್ಣ ಪೈಪು ಸುತ್ತಿಡುತ್ತಾರೆ. ಹಳೆಯ ಅಂಗಿ ಈಗ ಬಸ್ಸಿನ ಗಾಜು ಒರೆಸುವ ಬಟ್ಟೆ. ಮನೆಯ ಬಾಗಿಲು ತೆರೆಯುವಷ್ಟರಲ್ಲಿ ಮಗಳು ಓಡಿ ಬರುತ್ತಾಳೆ, ಗೋಡೆ ಹಿಡಿದು ಒಂದು ಕಾಲು ಎತ್ತಿ ನಿಲ್ಲುತ್ತಾಳೆ. "ಚಕ್ಕ!" ಎಂದು ಕರೆಯುತ್ತಾಳೆ. ಅವರ ಹೆಸರೇ ಈಗ ಅದು. ಇನ್ನೂ ಅಪ್ಪ ಅನ್ನಲಿಲ್ಲವಲ್ಲ ಎಂದು ಕೆಲಸಕ್ಕೆ ಹೊರಟ ಹೆಂಡತಿ ಪೇಚಾಡಿಕೊಳ್ಳುತ್ತಾಳೆ.

ಪೈಪಣ್ಣ ಮಗಳನ್ನು ಹೆಗಲಿಗೆ ಏರಿಸಿಕೊಳ್ಳುತ್ತಾರೆ. "ಇರಲಿ ಬಿಡೇ. ಅಪ್ಪ ಅಂತ ಅಂಗಿಗೂ ಅಂದಿದ್ಲು. ಚಕ್ಕ ಅನ್ನೋದು ನನಗೊಬ್ಬನಿಗೇ."