ಸಾವಿರದಜ್ಜಿಯ ಮಂಚ

ಅಜ್ಜಿಗೆ ಇದ್ದದ್ದನ್ನು ಇದ್ದಷ್ಟೇ ಹೇಳಿ ಅಭ್ಯಾಸವಿರಲಿಲ್ಲ. ಮನೆಗೆ ಒಂದು ಇರುವೆ ಬಂದರೆ ಸಾವಿರ ಬಂತೆನ್ನುವಳು. ಅದಕ್ಕೇ ಬೀದಿಯವರೆಲ್ಲ ಅವಳನ್ನು ಸಾವಿರದಜ್ಜಿ ಎನ್ನುತ್ತಿದ್ದರು.

ಅವಳ ಕಾವಲಿನಲ್ಲಿದ್ದಾಗಲೇ ಐದು ತಿಂಗಳ ಮೊಮ್ಮಗ ಮಂಚದಿಂದ ಉರುಳಿ ತಲೆಗೆ ಬುಗುಟೆ ಬರಿಸಿಕೊಂಡ. ಆಸ್ಪತ್ರೆಯ ನರ್ಸಿಗೆ ಅಜ್ಜಿ, ಮಂಚ ಮೊಣಕಾಲೆತ್ತರ ಎಂದಳು. ಮಕ್ಕಳ ಡಾಕ್ಟರ ಮುಂದೆ ಅದು ಸೊಂಟದೆತ್ತರಕ್ಕೆ ಬೆಳೆಯಿತು. ಸ್ಕ್ಯಾನ್ ಕೋಣೆಯ ಡಾಕ್ಟರಮ್ಮನನ್ನು ತಲುಪುವ ಹೊತ್ತಿಗೆ ಆ ಮಂಚ ಹತ್ತಲು ಏಣಿ ಬೇಕಾಗಿತ್ತು.

ಚೀಟಿಯಲ್ಲಿ ನರ್ಸೂ ಮಕ್ಕಳ ಡಾಕ್ಟರೂ ಬರೆದಿದ್ದ ಎತ್ತರಗಳನ್ನು ಓದಿ ಡಾಕ್ಟರಮ್ಮನ ಮುಖ ಬಿಗಿಯಾಯಿತು. ಕೂಸನ್ನು ಹಿಡಿದು ಜೋರಾಗಿ ಕುಲುಕಿದವರು, ಹೊಡೆದವರು ಹೀಗೇ ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳುವುದನ್ನು ಅವರು ಕಂಡಿದ್ದರು.

"ಅಜ್ಜಿ, ಸ್ಕ್ಯಾನ್ ಚಿತ್ರ ನೋಡೋವರೆಗೂ ಮಗು ನಮ್ಮ ಹತ್ರಾನೇ ಇರ್ಲಿ. ನೀವು ಎತ್ಕೊಳ್ಳೋದು ಬೇಡ."

ಸೊಸೆ ಹಲ್ಲು ಕಚ್ಚಿ, "ಅತ್ತೆ, ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಳ್ಳಿ," ಎಂದಳು.

ಅಜ್ಜಿ ಹುಟ್ಟಿದಂದಿನಿಂದ ಮೊದಲ ಸಲ ಬಾಯಿ ಮುಚ್ಚಿದಳು. ಆ ನಿಶ್ಶಬ್ದಕ್ಕೆ ಬಾಗಿಲ ಕಾವಲುಗಾರ ಬೆಚ್ಚಿ ನಿದ್ದೆಯಿಂದ ಎದ್ದನಂತೆ. ಖಾಲಿ ಮಡಿಲಲ್ಲಿ ಕೂಸಿನ ಟೋಪಿ ಹಿಂಡುತ್ತ ಕೂತಳು.

ಸ್ಕ್ಯಾನ್ ಆಯಿತು, ಕಣ್ಣಿನ ಪರೀಕ್ಷೆ ಆಯಿತು, ಮೈಮೂಳೆಗಳ ಎಕ್ಸ್‌ರೇಯೂ ಆಯಿತು. ಡಾಕ್ಟರಮ್ಮ ಹೊರಬಂದು ಕೂಸನ್ನು ಅಜ್ಜಿಯ ಮಡಿಲಿಗೇ ಹಾಕಿದರು.

"ಬುರುಡೇಲಿ ಕೂದಲೆಳೆಯಷ್ಟು ಬಿರುಕು, ಅಷ್ಟೇ. ತಾನಾಗೇ ಕೂಡುತ್ತೆ. ಒಳಗೆ ರಕ್ತ ಸೋರಿಲ್ಲ, ಯಾರೂ ಕುಲುಕಿದ ಗುರುತಿಲ್ಲ. ನೀವು ನರ್ಸಿಗೆ ಹೇಳಿದ್ರಲ್ಲ, ಆ ಮೊಣಕಾಲೆತ್ತರದ ಮಂಚಕ್ಕೆ ಸರಿಹೋಗುತ್ತೆ."

ಅಜ್ಜಿ ಕಣ್ಣೊರೆಸಿಕೊಂಡು, ಕೂಸಿನ ಕೆನ್ನೆ ಸವರಿ, ಮೆಲ್ಲಗೆ ಕೇಳಿದಳು:

"ಸೊಂಟದೆತ್ತರ ಅಂತ ಬರ್ಕೊಳ್ಳೋಕಾಗಲ್ವಾ ತಾಯಿ? ಬೀದೀಲಿ ಹಾಗೇ ಹೇಳಿ ಬಂದಿದೀನಿ."